ಅಶ್ವತ್ಥಮ್ಮ ತೊಳೆದ ಗಾಜು

ಮಧುಗಿರಿ ಪೇಟೆಯ ಜಯರಾಮಯ್ಯ ತೆಗೆದ ಮಕ್ಕಳ ಪಟಗಳು ಇನ್ನೂ ಕೆಲವು ಮನೆಗಳ ಗೋಡೆಯ ಮೇಲಿವೆ. ಎಲ್ಲದರಲ್ಲೂ ಮಗು ಒಂದು ಕುರ್ಚಿಯ ಮೇಲೆ ಕೂತಿರುತ್ತದೆ. ಕುರ್ಚಿಗೆ ಕರಿ ಕಂಬಳಿ ಹೊದಿಸಿದೆ. ಸ್ವಲ್ಪ ನಿಂತು ನೋಡಿದರೆ ಆ ಕುರ್ಚಿ ಒಂದು ಪಟದಲ್ಲಿ ಇದ್ದ ಹಾಗೆ ಇನ್ನೊಂದರಲ್ಲಿ ಇಲ್ಲ. ಒಮ್ಮೆ ಎಡಕ್ಕೆ ವಾಲಿದೆ, ಒಮ್ಮೆ ಮುಂದಕ್ಕೆ ಬಾಗಿದೆ, ಒಂದೆರಡು ಪಟಗಳಲ್ಲಿ ಅದರ ಹೊಟ್ಟೆ ಉಬ್ಬಿದೆ. ಕುರ್ಚಿ ಬಸುರಿಯಾಗುವುದಿಲ್ಲ. ಕಂಬಳಿಯೊಳಗೆ ಕೂತಿದ್ದವಳು ಜಯರಾಮಯ್ಯನ ಹೆಂಡತಿ ಅಶ್ವತ್ಥಮ್ಮ.

ಜಯರಾಮಯ್ಯ ಕಳ್ಳಂಬೆಳ್ಳದ ಹತ್ತಿರದ ಒಕ್ಕಲು ಮನೆಯವನು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಒಬ್ಬರ ಕೈಕೆಳಗೆ ಪಟ ತೆಗೆಯುವುದನ್ನು ಕಲಿತು, ಅವರು ಬೇಡವೆಂದು ಮೂಲೆಗಿಟ್ಟಿದ್ದ ಮರದ ಕ್ಯಾಮರಾ ಹೊತ್ತುಕೊಂಡು ಬಂದು ಮಧುಗಿರಿಯಲ್ಲಿ ಸ್ಟುಡಿಯೋ ಇಟ್ಟಿದ್ದ. ಆ ಕ್ಯಾಮರಾಕ್ಕೆ ಒತ್ತುವ ಗುಂಡಿ ಇರಲಿಲ್ಲ. ಮುಂದಿನ ಮುಚ್ಚಳ ತೆಗೆದು, ಬಾಯಲ್ಲಿ ಎಣಿಸಿ, ಮತ್ತೆ ಮುಚ್ಚಬೇಕು. ಅಷ್ಟು ಹೊತ್ತೂ ಎದುರಿಗಿದ್ದವರು ಅಲುಗಬಾರದು. ಅಲುಗಿದವರು ಒಳಗೆ ಪಟ ಮೂಡುವ ಗಾಜಿನ ಪ್ಲೇಟಿನ ಮೇಲೆ ಹೊಗೆಯಾಗಿ ಬೀಳುತ್ತಾರೆ. ದೊಡ್ಡವರನ್ನು ಗದರಿ ಕೂರಿಸಬಹುದು. ಎಳೆಮಗುವನ್ನು ಯಾರಾದರೂ ಹಿಡಿದುಕೊಳ್ಳಬೇಕು. ಹೆತ್ತವಳು ಹಿಡಿದರೆ ಮಗು ತಿರುಗಿ ತಿರುಗಿ ಅವಳ ಮುಖವನ್ನೇ ನೋಡುತ್ತದೆ. ಹಾಗಾಗಿ ಹೆತ್ತವಳು ಕ್ಯಾಮರಾ ಪಕ್ಕದಲ್ಲಿ ನಿಂತು ಗಿಲಕಿ ಆಡಿಸಬೇಕು, ಕಂಬಳಿಯೊಳಗಿನವಳು ಮಗುವಿನ ಸೊಂಟ ಹಿಡಿದಿರಬೇಕು. ಇದು ಜಯರಾಮಯ್ಯ ಕಂಡುಕೊಂಡ ದಾರಿ.

"ಲೇ, ಕುರ್ಚಿ!" ಎಂದು ಅವನು ಒಳಗಡೆ ಕೂಗಿದರೆ ಅಶ್ವತ್ಥಮ್ಮ ಒಲೆಯ ಮೇಲೆ ಬೇಯುತ್ತಿದ್ದ ಹಿಟ್ಟನ್ನು ಇಳಿಸಿ, ಕೈ ತೊಳೆದು ಬರಬೇಕು. ಶಿರಾ ಸಂತೆಯ ಒರಟು ಕಂಬಳಿ. ಬೇಸಿಗೆಯಲ್ಲಿ ಅದರೊಳಗೆ ಕೂತರೆ ಬೆವರು ಬೆನ್ನಿನ ಮೇಲೆ ಹರಿಯುತ್ತಿತ್ತು, ಉಣ್ಣೆ ಕುತ್ತಿಗೆಗೆ ಚುಚ್ಚುತ್ತಿತ್ತು, ಕೆರೆದುಕೊಳ್ಳುವ ಹಾಗಿರಲಿಲ್ಲ. ಮಗು ಬಿಕ್ಕಲು ಶುರು ಮಾಡಿದರೆ ಕಂಬಳಿಯೊಳಗಿಂದಲೇ ಅದರ ಬೆನ್ನಿಗೆ ಬಾಯಿ ಇಟ್ಟು ಹೂಂಗುಟ್ಟುತ್ತಿದ್ದಳು. ಮಗು ಉಚ್ಚೆ ಹೊಯ್ದರೆ ಕಂಬಳಿ ಒಗೆಯುವವಳೂ ಅವಳೇ. ಊರಿನ ಮಕ್ಕಳ ಬೆನ್ನೆಲ್ಲ ಅವಳಿಗೆ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ.

ಸ್ಟುಡಿಯೋ ಎಂದರೆ ಮನೆಯ ಮುಂದಿನ ಪಡಸಾಲೆ. ಸೂರಿನ ಬಡಗಣ ಪಾಲಿನಲ್ಲಿ ಹೆಂಚು ತೆಗೆಸಿ, ಮರದ ಪಟ್ಟಿಗಳ ನಡುವೆ ಸಣ್ಣ ಸಣ್ಣ ಗಾಜು ಕೂರಿಸಿದ್ದರು. ಬಡಗಣದಿಂದ ಬರುವ ಬೆಳಕು ಮೆತ್ತಗೆ. ಮುಖದ ಮೇಲೆ ಬಿಸಿಲಿನ ಬರೆ ಎಳೆಯುವುದಿಲ್ಲ. ಹೊತ್ತು ಏರಿದರೆ ಗಾಜಿನ ಕೆಳಗೆ ತೆಳು ಪಂಚೆ ಎಳೆಯಬೇಕು. ಬೆಳಕು ಬೀಳುವ ಕಡೆಗೆ ಎದುರಾಗಿ ಬಿಳಿ ದುಪ್ಪಟಿ ಇಳಿಬಿಡಬೇಕು, ಇಲ್ಲದಿದ್ದರೆ ಮಗುವಿನ ಒಂದು ಕೆನ್ನೆ ಕತ್ತಲಲ್ಲೇ ಉಳಿಯುತ್ತದೆ. "ದುಪ್ಪಟಿ ಮಾಸಿದ್ರೆ ಮುಖ ಮಾಸ್ತದೆ" ಎಂದು ಜಯರಾಮಯ್ಯ ಗಿರಾಕಿಗಳಿಗೆ ವಿವರಿಸುತ್ತಿದ್ದ. ವಿವರಿಸುವುದು ಅವನ ಪಾಲು. ದುಪ್ಪಟಿ ಒಗೆಯುವುದು, ಏಣಿ ಹತ್ತಿ ಗಾಜಿನ ಮೇಲಿನ ಧೂಳು, ಕೋತಿಗಳ ಹೊಲಸು ತೊಳೆಯುವುದು ಅವಳ ಪಾಲು. ಮನೆಯ ಬಾವಿಯ ನೀರು ಉಪ್ಪು. ಅದರಲ್ಲಿ ಪ್ಲೇಟು ತೊಳೆದರೆ ಒಣಗಿದ ಮೇಲೆ ಮುಖದ ತುಂಬ ಚುಕ್ಕೆ. ಹಾಗಾಗಿ ಬೆಟ್ಟದ ಬುಡದ ಬಾವಿಯಿಂದ ಸಿಹಿನೀರು ಹೊತ್ತು ತರಬೇಕು. ಸಿಹಿನೀರು ಮೊದಲು ಪ್ಲೇಟಿಗೆ, ಮಿಕ್ಕಿದರೆ ಮನೆಯವರ ಗಂಟಲಿಗೆ. ಬಚ್ಚಲುಮನೆ ಪ್ಲೇಟು ತೊಳೆಯುವ ಕತ್ತಲೆ ಕೋಣೆಯಾದ ಮೇಲೆ ಅವಳು ಕೋಳಿ ಕೂಗುವ ಮುಂಚೆ ಹಿತ್ತಲ ತಡಿಕೆಯ ಮರೆಯಲ್ಲಿ ಮೈತೊಳೆದುಕೊಳ್ಳುತ್ತಿದ್ದಳು.

ಇನ್ನೊಂದು ಕೆಲಸವಿತ್ತು. ಗಿರಾಕಿಗಳು ಪಟ ತೆಗೆದುಕೊಂಡು ಹೋದ ಮೇಲೆ ಹಳೆಯ ಪ್ಲೇಟುಗಳು ರಾಶಿ ಬೀಳುತ್ತಿದ್ದವು. ಸೋಡ ಹಾಕಿದ ಬಿಸಿನೀರಿನಲ್ಲಿ ನೆನೆಸಿದರೆ ಮೇಲಿನ ಪೊರೆ ಮೆತ್ತಗಾಗುತ್ತದೆ. ತೆಂಗಿನ ನಾರಿನಿಂದ ಉಜ್ಜಿದರೆ ಮುಖಗಳು ಗಂಜಿಯ ಕೆನೆಯ ಹಾಗೆ ಎದ್ದು ಬರುತ್ತವೆ. ಹೀಗೆ ತೊಳೆದ ಗಾಜು ಪಟಕ್ಕೆ ಕಟ್ಟು ಹಾಕಲು ಆಗುತ್ತಿತ್ತು. ಕೋತಿಗಳು ಸೂರಿನ ಗಾಜು ಒಡೆದಾಗ ಆ ಜಾಗಕ್ಕೂ ಆಗುತ್ತಿತ್ತು. ಪಾತ್ರೆ ಬೆಳಗಿದ ಹಾಗೆಯೇ ಅವಳು ಗಾಜು ಬೆಳಗುತ್ತಿದ್ದಳು. ಅರ್ಧಂಬರ್ಧ ಕೆಲಸ ಅವಳ ಕೈಗೆ ಬರುತ್ತಿರಲಿಲ್ಲ.

ಒಂದು ದಿನ ನಿಡುಗಲ್ಲಿನಿಂದ ರಂಗಕ್ಕ ಎಂಬ ಹೆಂಗಸು ಬಂದಳು. ಹಿಂದಿನ ವರ್ಷ ಮಗನನ್ನು ಕರೆತಂದು ಪಟ ತೆಗೆಸಿದ್ದವಳು.

"ನಮ್ ಪಿಲ್ಲೋಡು ಹೋಗ್ಬುಟ್ಟ ಕದಮ್ಮಾ" ಎಂದಳು ತೆಲುಗು ಬೆರೆತ ಮಾತಿನಲ್ಲಿ. "ಆ ಪಟಾನೂ ಅವ್ನ ಜತೇಲೇ ಗುಂಡೀಲಿ ಇಟ್ಬುಟ್ರು ಗಂಡಸ್ರು. ಮನೇಲಿದ್ರೆ ಅತ್ತು ಅತ್ತು ಸಾಯ್ತಾಳೆ ಅಂತ. ಇನ್ನೊಂದು ತೆಗ್ದು ಕೊಡಿ ಸಾಮಿ."

"ಪ್ಲೇಟು ಇಲ್ಲವಲ್ಲಮ್ಮ" ಎಂದ ಜಯರಾಮಯ್ಯ.

"ಎಲ್ಲಿಗೋಯ್ತು? ಗಾಜಿನ ಮ್ಯಾಲೆ ಇರ್ತದೆ ಅಂದಿದ್ರಲ್ಲ?"

ಅಶ್ವತ್ಥಮ್ಮನ ಕಣ್ಣು ತಾನಾಗಿ ಸೂರಿನ ಕಡೆ ಹೋಯಿತು. ರಂಗಕ್ಕನೂ ಕತ್ತೆತ್ತಿ ನೋಡಿದಳು. ಅಲ್ಲಿ ಆಕಾಶ ಬಿಟ್ಟು ಏನೂ ಇರಲಿಲ್ಲ.

ಆ ದಿನದಿಂದ ಅಶ್ವತ್ಥಮ್ಮನಿಗೆ ಒಂದು ಭಯ ಹಿಡಿಯಿತು. ಅವಳೂ ಇಬ್ಬರನ್ನು ಕಳೆದುಕೊಂಡವಳು. ಮೊದಲು ಗಂಡು, ಆಮೇಲೆ ಹೆಣ್ಣು. ಇಬ್ಬರೂ ಮೊಲೆಹಾಲು ಬಿಡುವ ಮುಂಚೆಯೇ ಹೋದರು. ಅವರ ಪಟ ತೆಗೆಯಿರಿ ಎಂದು ಆಗೆಲ್ಲ ಕೇಳಿದರೆ ಜಯರಾಮಯ್ಯ, "ಮನೆ ಮಕ್ಕಳಿಗೇನು ಅವಸರ? ಯಾವತ್ತಾದ್ರೂ ತೆಗೆದ್ರಾಯ್ತು" ಎನ್ನುತ್ತಿದ್ದ. ಈಗ ಅವಳು ರಾಗಿ ಹಿಟ್ಟು ತೊಳಸುತ್ತಾ ಗಂಡುಮಗುವಿನ ಮುಖ ನೆನೆಸಿಕೊಳ್ಳಲು ನೋಡಿದಳು. ಅದರ ಭಾರ ನೆನಪಾಯಿತು, ನೆತ್ತಿಯ ವಾಸನೆ ನೆನಪಾಯಿತು. ಮುಖ ಬರಲಿಲ್ಲ. ಹೆಣ್ಣಿನದೂ ಬರಲಿಲ್ಲ. ಹೆತ್ತವಳಾಗಿ ಇಷ್ಟೂ ಉಳಿಸಿಕೊಳ್ಳಲಿಲ್ಲವಲ್ಲ ಎಂದು ಕೋಲು ಕೆಳಗಿಟ್ಟು ಕೂತುಬಿಟ್ಟಳು. ತೊಟ್ಟಿಲಲ್ಲಿ ಮೂರನೆಯವಳು, ಗಂಗಿ, ಕಾಲು ಬಡಿಯುತ್ತಿದ್ದಳು.

"ಇವಳ್ದೊಂದು ತೆಗೀರಿ" ಎಂದು ಅವಳು ಕೇಳತೊಡಗಿದಳು. ಊಟಕ್ಕೆ ಬಡಿಸುವಾಗ ಕೇಳಿದಳು, ನೀರು ಇಟ್ಟು ಕೇಳಿದಳು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಜೋರಾಗಿ ವಿದೇಶದಿಂದ ಪ್ಲೇಟು ಬರುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. "ಹಡಗೇ ಬರ್ತಿಲ್ಲ, ನಿನ್ ಮಗಳಿಗೆ ಎಲ್ಲಿಂದ ತರ್ಲಿ?" ಎಂದು ಅವನು ಎದ್ದು ಹೋಗುತ್ತಿದ್ದ. ಪೆಟ್ಟಿಗೆಯಲ್ಲಿ ಕೊನೆಗೆ ಒಂದೇ ಪ್ಲೇಟು ಉಳಿಯಿತು.

ಆ ಪ್ಲೇಟಿಗೂ ಒಡೆಯರು ಬಂದರು. ಜಯರಾಮಯ್ಯನ ತಮ್ಮ ಗಂಗಹನುಮಯ್ಯ ಸೈನ್ಯಕ್ಕೆ ಸೇರಿದ್ದ. ಮಾರನೆಯ ಬೆಳಿಗ್ಗೆ ತುಮಕೂರಿನ ಬಸ್ಸು ಹತ್ತಬೇಕು. ಅವನನ್ನು ಕಳಿಸಿಕೊಡಲು ಅಪ್ಪ ಸಂಜೀವಯ್ಯ, ತಾಯಿ ಮುನಿಯಮ್ಮ ಗಾಡಿ ಕಟ್ಟಿಕೊಂಡು ಮಧುಗಿರಿಗೆ ಬಂದರು.

"ನನ್ ಮಗನ ಮುಖ ನಂಗೆ ಬೇಕು" ಎಂದಳು ಮುನಿಯಮ್ಮ ಹೊಸಿಲು ದಾಟುವಾಗಲೇ. "ಊರೋರ ಮಕ್ಕಳ್ನೆಲ್ಲ ಗೋಡೆಗೆ ಏರಿಸ್ದೋನು ಒಡಹುಟ್ಟಿದೋನ್ನ ಏರಿಸ್ಬಾರ್ದೇನ್ಲಾ?"

"ಎಲ್ಲಾರೂ ಒಂದರಲ್ಲೇ ಬರೋ ಹಂಗೆ ತೆಗೀತೀನಿ ಬುಡವ್ವ" ಎಂದ ಜಯರಾಮಯ್ಯ.

ಅಶ್ವತ್ಥಮ್ಮ ಬಂದವರ ಕಾಲಿಗೆ ನೀರು ಕೊಟ್ಟು, ಕಾಳುಸಾರಿಗೆ ಇಟ್ಟು, ಗಂಗಿಗೆ ಎಣ್ಣೆ ಹಚ್ಚಿ ತಲೆ ಬಾಚಿದಳು. ಎಲ್ಲರೂ ಎಂದರೆ ಗಂಗಿಯೂ ಬಂದಳಲ್ಲ ಎಂದು ಅವಳ ಕೈ ಬೇಗ ಬೇಗ ಓಡಿತು. ತಾನೂ ಪೆಟ್ಟಿಗೆಯಿಂದ ಮದುವೆ ಸೀರೆ ತೆಗೆದು ಉಟ್ಟಳು. ಪಡಸಾಲೆಗೆ ಬಂದಾಗ ಜಯರಾಮಯ್ಯ ಎಲ್ಲರನ್ನೂ ಕೂರಿಸಿ ಆಗಿತ್ತು. ಮುಂದೆ ಬೆಂಚಿನ ಮೇಲೆ ಅಪ್ಪ, ಅವ್ವ. ಹಿಂದೆ ನಿಲ್ಲಲು ಅಣ್ಣ, ತಮ್ಮ. ಗಂಗಿಯನ್ನು ಮುನಿಯಮ್ಮ ಕೈ ಚಾಚಿ ಇಸಿದುಕೊಂಡಳು.

"ಅತ್ತಿಗೇರು ಎಲ್ಲಿ ನಿಲ್ತಾರೆ?" ಎಂದ ಗಂಗಹನುಮಯ್ಯ.

"ಅವಳು ನಿಂತ್ರೆ ಮುಚ್ಚಳ ತೆಗಿಯೋರು ಯಾರ್ಲಾ?" ಎಂದ ಜಯರಾಮಯ್ಯ.

"ಹಂಗಾರೆ ಅತ್ತಿಗೆ, ನನ್ ಮೀಸೆ ನಿಮ್ಮ ಕೈಲೈತೆ" ಎಂದು ಅವನು ಆಗತಾನೆ ಚಿಗುರಿದ್ದ ಮೀಸೆ ತಿರುವಿ ನಕ್ಕ. "ನೆಟ್ಟಗೆ ಬರ್ಲಿಲ್ಲ ಅಂದ್ರೆ ಯಾವಳೂ ನನ್ನ ಮದ್ವೆ ಆಗಾಕಿಲ್ಲ."

"ಮೀಸೆ ಇದ್ರಲ್ಲವಾ ಬರೋದು" ಎಂದಳು ಅಶ್ವತ್ಥಮ್ಮ. ಎಲ್ಲರೂ ನಕ್ಕರು.

ಕ್ಯಾಮರಾಕ್ಕೆ ಹಿತ್ತಾಳೆ ತಗಡುಗಳಿದ್ದವು. ಒಂದೊಂದರ ನಡುವೆ ಒಂದೊಂದು ಅಳತೆಯ ತೂತು. ಮುಂದಿನ ಕೊಳವೆಯ ಸೀಳಿಗೆ ತಗಡು ಇಳಿಸಿದರೆ ಆ ತೂತಿನಷ್ಟೇ ಬೆಳಕು ಒಳಕ್ಕೆ. ದೊಡ್ಡ ತೂತಾದರೆ ಬೆಳಕು ಬೇಗ ತುಂಬುತ್ತದೆ, ಎರಡು ಎಣಿಸುವುದರಲ್ಲಿ ಮುಚ್ಚಬಹುದು. ಆದರೆ ಎದುರಿಗಿರುವ ಮುಖವಷ್ಟೇ ನಿಚ್ಚಳ, ಅದರ ಹಿಂದಿನದೆಲ್ಲ ಮಂಜು. ಸಣ್ಣ ತೂತಾದರೆ ಮುಂದಿನವರೂ ಹಿಂದಿನವರೂ ಒಂದೇ ಸಮ ಬರುತ್ತಾರೆ. ಆದರೆ ನಿಧಾನವಾಗಿ ಹತ್ತರವರೆಗೆ ಎಣಿಸಬೇಕು. ಒಂಟಿ ಮಗುವಿಗೆ ದೊಡ್ಡ ತೂತು, ಸಂಸಾರಕ್ಕೆ ಸಣ್ಣ ತೂತು. ಜಯರಾಮಯ್ಯ ಬೆಂಚಿನವರ ಮುಖ ನಿಚ್ಚಳ ಕಾಣುವ ಹಾಗೆ ಕೊಳವೆ ಸರಿಮಾಡಿ, ಸಣ್ಣ ತೂತಿನ ತಗಡು ಇಳಿಸಿ, ಪ್ಲೇಟು ಸೇರಿಸಿದ. "ನಾನು ಹೂಂ ಅಂದಾಗ ತೆಗಿ. ಹತ್ತು ಎಣಿಸಿ ಮುಚ್ಚು. ಕೈ ನಡುಗೀತು" ಎಂದು ಹೇಳಿ ಹಿಂದಿನ ಸಾಲಿಗೆ ಹೋಗಿ, ತಮ್ಮನ ಪಕ್ಕ ನಿಂತು ರುಮಾಲು ಸರಿಮಾಡಿಕೊಳ್ಳತೊಡಗಿದ.

ಅಶ್ವತ್ಥಮ್ಮ ಕ್ಯಾಮರಾ ಪಕ್ಕ ನಿಂತಳು. ಬೇರೆ ತಾಯಂದಿರು ಗಿಲಕಿ ಹಿಡಿದು ನಿಲ್ಲುತ್ತಿದ್ದ ಜಾಗ ಅದು. ಕಂಬಳಿ ಗೂಟದ ಮೇಲೆ ತೂಗುತ್ತಿತ್ತು, ಗಂಗಿಯನ್ನು ಹಿಡಿಯುವ ಕುರ್ಚಿ ಈ ಹೊತ್ತು ಇಲ್ಲಿ ನಿಂತಿತ್ತು. ಗಂಗಿ ಅಜ್ಜಿಯ ತೊಡೆಯ ಮೇಲೆ ಕುಣಿಯುತ್ತಾ, ಅಮ್ಮನನ್ನು ಕಂಡು ಎರಡೂ ಕೈ ಚಾಚಿದಳು. ಹತ್ತು ಎಣಿಸುವಷ್ಟು ಹೊತ್ತು ಅವಳು ಸುಮ್ಮನಿರುವುದಿಲ್ಲ. ಅಂಥ ಪ್ಲೇಟುಗಳನ್ನು ಅಶ್ವತ್ಥಮ್ಮ ಎಷ್ಟೋ ಉಜ್ಜಿದ್ದಳು: ಸಾಲಾಗಿ ಕೂತ ಗಂಡಸರು, ಹೆಂಗಸರು, ನಡುವೆ ಯಾರದೋ ತೊಡೆಯ ಮೇಲೆ ತಲೆಯಿಲ್ಲದ ಒಂದು ಹೊಗೆ.

ಗಂಗಹನುಮಯ್ಯನನ್ನು ನೋಡಿದಳು. ಬಲಿತ ಮುಖ. ಒಂದೆರಡು ವರ್ಷ ಬಿಟ್ಟು ಬಂದರೂ ಅದೇ ಮುಖ ಇರುತ್ತದೆ. ಗಂಗಿಯ ಮುಖ ಬರುವ ತಿಂಗಳಿಗೆ ಇರುವುದಿಲ್ಲ. ಪ್ಲೇಟು ಮತ್ತೆ ಯಾವಾಗ ಬರುತ್ತದೋ.

ಹಿಂದಿನ ಸಾಲಿನಲ್ಲಿ ಅಣ್ಣತಮ್ಮಂದಿರು ರುಮಾಲಿನ ವಿಚಾರಕ್ಕೆ ನಗುತ್ತಿದ್ದರು. ಅಶ್ವತ್ಥಮ್ಮ ಸೆರಗು ಸರಿಮಾಡಿಕೊಳ್ಳುವವಳಂತೆ ಅದನ್ನು ಕೊಳವೆಯ ಮೇಲೆ ಹರಡಿ, ಸಣ್ಣ ತೂತಿನ ತಗಡು ಎಳೆದು ದೊಡ್ಡ ತೂತಿನದನ್ನು ಇಳಿಸಿದಳು.

"ಹೂಂ" ಎಂದ ಜಯರಾಮಯ್ಯ.

"ಗಂಗೀ" ಎಂದಳು. ಗಂಗಿ ಎರಡು ಹಲ್ಲು ಬಿಟ್ಟು ನಕ್ಕಳು. ಅಶ್ವತ್ಥಮ್ಮ ಮುಚ್ಚಳ ತೆಗೆದು ಎರಡು ಎಣಿಸಿ ಮುಚ್ಚಿದಳು.

"ಆಗೋಯ್ತಾ? ಇಷ್ಟು ಬೇಗ?" ಎಂದ ಜಯರಾಮಯ್ಯ.

"ನಂದು ಬೇಗ ಎಣಿಕೆ" ಎಂದಳು.

ಮಾರನೆಯ ಬೆಳಿಗ್ಗೆ ಗಂಗಹನುಮಯ್ಯ ಮೊಸರನ್ನ ತಿಂದು, ಎಲ್ಲರ ಕಾಲಿಗೆ ಬಿದ್ದು ಹೋದ. ಮುನಿಯಮ್ಮ ಬಸ್ಸಿನ ಹಿಂದೆ ಒಂದಷ್ಟು ದೂರ ನಡೆದು ಹಿಂದಿರುಗಿದಳು. ಅಷ್ಟರಲ್ಲಿ, ರಾತ್ರಿ ಕತ್ತಲೆ ಕೋಣೆಯಲ್ಲಿ ಪಟ ಮೂಡಿಸಿ ಇಟ್ಟಿದ್ದ ಪ್ಲೇಟು ಒಣಗಿತ್ತು. ಯಾರೂ ನೋಡುವ ಮುಂಚೆ ಅಶ್ವತ್ಥಮ್ಮ ಅದನ್ನು ಕಿಟಕಿಗೆ ಹಿಡಿದಳು.

ಪ್ಲೇಟಿನಲ್ಲಿ ಕಪ್ಪಿದ್ದದ್ದು ಬೆಳ್ಳಗೆ, ಬೆಳ್ಳಗಿದ್ದದ್ದು ಕಪ್ಪಗೆ ಕಾಣುತ್ತದೆ. ಗಂಗಿ ನಿಚ್ಚಳವಾಗಿ ಬಂದಿದ್ದಳು. ಹುಬ್ಬಿನ ಕೂದಲು ಕೂಡ ಎಣಿಸಬಹುದಿತ್ತು. ತಲೆಗೂದಲೆಲ್ಲ ಬೆಳ್ಳಗೆ, ನಗುವ ಬಾಯಲ್ಲಿ ಎರಡು ಕರಿ ಹಲ್ಲು. ಎಲೆಅಡಿಕೆ ಹಾಕಿದ ಮುದುಕಿಯ ಹಾಗಿದ್ದಳು. ಅಶ್ವತ್ಥಮ್ಮನಿಗೆ ನಗು ಬಂತು. "ನೋಡೇ, ಎಷ್ಟು ವರ್ಷ ಬದುಕಿಬುಟ್ಟೆ ನೀನು" ಎಂದು ಕಂಕುಳಲ್ಲಿದ್ದ ಮಗಳಿಗೆ ಗಾಜು ತೋರಿಸಿದಳು. ಗಂಗಿ ಗಾಜನ್ನು ನೆಕ್ಕಲು ಬಂದಳು.

ಜಯರಾಮಯ್ಯ ಬಂದು ಪ್ಲೇಟು ಕಿತ್ತುಕೊಂಡ. ಹಿಂದಿನ ಸಾಲಿನಲ್ಲಿ ಎರಡು ರುಮಾಲು ಕಟ್ಟಿದ ಮಂಜಿನ ಮುದ್ದೆಗಳಿದ್ದವು. ಕಣ್ಣಿಲ್ಲ, ಮೂಗಿಲ್ಲ, ಮೀಸೆ ಇಲ್ಲ.

"ಯಾವ ತಗಡು ಹಾಕ್ದೆ?"

ಅವಳು ಗಂಗಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು.

"ಯಾವ ತಗಡೇ?" ಎಂದು ಕೆನ್ನೆಗೆ ಹೊಡೆದ. ಗಂಗಿ ಕಿರುಚಿಕೊಂಡಳು. ಮುನಿಯಮ್ಮ ಒಳಗಿನಿಂದ ಬಂದು ಗಾಜನ್ನು ಇಸಿದುಕೊಂಡು ಬೆಳಕಿಗೆ ಹಿಡಿದಳು. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಗಾಜನ್ನು ಬೆಂಕಿ ಮುಟ್ಟಿದವಳಂತೆ ಬೆಂಚಿನ ಮೇಲಿಟ್ಟಳು.

"ದಂಡಿಗೆ ಹೋಗೋ ಮಗನ ಮುಖ ಅಳಿಸಿ ಮಡಗವ್ಳಲ್ಲಪ್ಪಾ" ಎಂದಳು. "ಮುಖ ಇಲ್ದಿರೋ ಪಟ ಮನೇಲಿ ಇರ್ಬಾರ್ದು. ಅವ್ನು ಇನ್ನೂ ತುಮಕೂರು ಸೇರಿಲ್ಲ. ತೊಳ್ದಾಕ್ಸು ಅದ್ನ. ಈಗ್ಲೇ."

ಅಶ್ವತ್ಥಮ್ಮ ಅತ್ತೆಯ ಕಾಲು ಹಿಡಿದಳು. "ಅತ್ತೆ, ಮುಂದಿನ ಸಾಲು ಚೆನ್ನಾಗೈತೆ. ನೀವು ಚೆನ್ನಾಗಿದೀರಿ. ಮಗೀದೊಂದು ಕಾಗದಕ್ಕೆ ಇಳಿಸ್ಕೊಡ್ಲಿ, ಆಮೇಲೆ ನಾನೇ ತೊಳೀತೀನಿ."

"ಕಾಗದ ಎಲ್ಲೈತೆ?" ಎಂದ ಜಯರಾಮಯ್ಯ. "ಇರೋ ನಾಲ್ಕು ಹಾಳೆ ಗಿರಾಕಿಗಳಿಗೆ. ಮಗು ನಿನ್ ಕಂಕುಳಲ್ಲೇ ಕುಂತೈತಲ್ಲ, ನೋಡ್ಕೋ ಎಷ್ಟು ಬೇಕೋ ಅಷ್ಟು."

"ನಿನ್ ಮಗಳು ಕಣ್ಮುಂದೆ ಅವ್ಳೆ" ಎಂದಳು ಮುನಿಯಮ್ಮ. "ನನ್ ಮಗ ಎಲ್ಲವ್ನೆ? ಹೇಳಮ್ಮಿ, ಎಲ್ಲವ್ನೆ?"

ಅಶ್ವತ್ಥಮ್ಮ ಅತ್ತೆಯ ಕಾಲು ಬಿಟ್ಟು ಎದ್ದಳು. ಹಂಡೆಗೆ ಉರಿ ಹಾಕಿದಳು. ಸೋಡ ಕಲಸಿದಳು. ಮುನಿಯಮ್ಮ ಹಿತ್ತಲ ಬಾಗಿಲಲ್ಲಿ ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದಳು. ಪೊರೆ ಮೆತ್ತಗಾದ ಮೇಲೆ ಅಶ್ವತ್ಥಮ್ಮ ಹಿಂದಿನ ಸಾಲಿನಿಂದ ಉಜ್ಜಲು ಶುರು ಮಾಡಿದಳು. ಗಂಗಿಯ ಹತ್ತಿರ ಬಂದಾಗ ಕೈ ನಿಂತಿತು. "ಪೂರಾ" ಎಂದಳು ಅತ್ತೆ. ಗಂಗಿ ಪಕ್ಕದಲ್ಲೇ ಕೂತು, ಹರಿದು ಬಂದ ನೊರೆಯನ್ನು ಅಂಗೈಯಿಂದ ಚಪ್ಪರಿಸುತ್ತಿದ್ದಳು. ಅಶ್ವತ್ಥಮ್ಮ ಉಜ್ಜಿದಳು. ರೂಢಿಬಿದ್ದ ಕೈ, ನಾಲ್ಕು ಮೂಲೆಯೂ ಬಿಡಲಿಲ್ಲ. ಸಿಹಿನೀರಿನಲ್ಲಿ ಜಾಲಿಸಿ, ಒಣಬಟ್ಟೆಯಲ್ಲಿ ಒರೆಸಿದಳು. ಆ ವಾರವೇ ಕೋತಿಗಳು ಸೂರಿನ ಒಂದು ಗಾಜು ಒಡೆದವು. ಜಯರಾಮಯ್ಯ ಈ ತೊಳೆದ ಗಾಜನ್ನು ಅಲ್ಲಿ ಕೂರಿಸಿದ.

ಮಳೆಗಾಲ ಕಳೆದು ಜ್ವರ ಬಂತು. ಗಂಗಿ ಆಗ ಗೋಡೆ ಹಿಡಿದು ನಡೆಯುತ್ತಿದ್ದಳು. ಬೇವಿನ ಕಷಾಯ ಆಯಿತು, ಆಸ್ಪತ್ರೆಯ ಕಹಿ ನೀರು ಆಯಿತು. ಒಂದು ಮಧ್ಯಾಹ್ನ ಅಶ್ವತ್ಥಮ್ಮ ಸಿಹಿನೀರು ತಂದು ಕೊಡ ಇಳಿಸುವಷ್ಟರಲ್ಲಿ ಮಗು ಹೋಗಿತ್ತು. ಮಣ್ಣು ಮಾಡಲು ಗಂಡಸರು ಎತ್ತಿಕೊಂಡಾಗ ಅವಳು ಅಳಲಿಲ್ಲ. ಇನ್ನೂ ಸ್ವಲ್ಪ ಹೊತ್ತು ನೋಡುತ್ತೇನೆ ಎಂದು ಎರಡೂ ಕೈಯಲ್ಲಿ ಮುಖ ಹಿಡಿದುಕೊಂಡಿದ್ದಳು. ಬಿಡಿಸಿಕೊಂಡು ಹೋಗಬೇಕಾಯಿತು. ಕೆಲವು ತಿಂಗಳು ಆ ಮುಖ ಅವಳ ಹತ್ತಿರವಿತ್ತು. ಆಮೇಲೆ ಹುಬ್ಬು ಹೋಯಿತು, ಕೆನ್ನೆ ಹೋಯಿತು. ಕಣ್ಣು ಮುಚ್ಚಿದರೆ ಕಾಣುತ್ತಿದ್ದದ್ದು ಬಿಳಿ ಕೂದಲಿನ, ಕರಿ ಹಲ್ಲಿನ ಆ ಮುದುಕಿ ಮಾತ್ರ.

ಯುದ್ಧ ಮುಗಿದು ಪ್ಲೇಟು ಬಂದವು. ಗಂಗಹನುಮಯ್ಯ ಬರಲಿಲ್ಲ. ಬರ್ಮಾದ ಕಡೆ ಕಾಣೆಯಾದ ಎಂದು ಸುದ್ದಿ ಬಂತು, ಅಷ್ಟೇ. ಸುಗ್ಗಿ ಮುಗಿದ ಮೇಲೆ ಮುನಿಯಮ್ಮ ಒಬ್ಬಳೇ ಮಧುಗಿರಿಗೆ ಬಂದಳು. ಪಡಸಾಲೆಯ ಬೆಂಚಿನ ಮೇಲೆ, ಅವತ್ತು ಪಟಕ್ಕೆ ಕೂತಿದ್ದ ಜಾಗದಲ್ಲೇ ಕೂತಳು.

"ಅಶ್ವತ್ತಮ್ಮಿ, ಆ ಗಾಜು ಎಲ್ಲೈತೆ?"

ಅಶ್ವತ್ಥಮ್ಮ ಸೂರು ತೋರಿಸಿದಳು.

"ತೆಗ್ಸು ಒಂದ್ಸಲ."

ಅವಳೇ ಏಣಿ ಹತ್ತಿ ಗಾಜು ಬಿಡಿಸಿ ತಂದು ಅತ್ತೆಯ ಕೈಗೆ ಕೊಟ್ಟಳು. ಮುನಿಯಮ್ಮ ಬಾಗಿಲಿಗೆ ಹೋಗಿ ಬೆಳಕಿಗೆ ಹಿಡಿದಳು. ತಿರುಗಿಸಿದಳು. ಓರೆ ಮಾಡಿದಳು. ಬೀದಿಯಾಚೆಯ ಬೆಟ್ಟ ಅದರಲ್ಲಿ ಚೆನ್ನಾಗಿ ಕಾಣುತ್ತಿತ್ತು.

"ಮಂಜಾಗಾದ್ರೂ ಇದ್ನಲ್ಲಮ್ಮಿ" ಎಂದಳು. "ಅದು ಅವ್ನೇ ಅಂತ ನಂಗೆ ಗೊತ್ತಾಗ್ತಿತ್ತು. ನಿಂತಿರೋದ್ರಲ್ಲೇ ಗೊತ್ತಾಗ್ತಿತ್ತು. ಒಂಚೂರೂ ಬುಟ್ಟಿಲ್ವಾ? ಮೂಲೇಲಿ?"

"ಇಲ್ಲ ಅತ್ತೆ. ಪೂರಾ ತೊಳ್ದೆ."

"ಪೂರಾ ಅಂತ ನಾನೇ ಅಂದೆ" ಎಂದಳು ಮುನಿಯಮ್ಮ.

ಇಬ್ಬರೂ ಒಂದೇ ಗಾಜನ್ನು ಎರಡು ಕಡೆಯಿಂದ ಹಿಡಿದು ನಿಂತಿದ್ದಾಗ ಒಂದು ಸಂಸಾರ ಮೆಟ್ಟಿಲು ಹತ್ತಿ ಬಂತು. ಹೊಸ ಲಂಗ ಹಾಕಿದ ಮಗು, ತಾಯಿಯ ಕೈಯಲ್ಲಿ ಗಿಲಕಿ. ಜಯರಾಮಯ್ಯ ಒಳಗಿನಿಂದ ಬಂದು ಸೂರು ನೋಡಿದ. ಗಾಜಿಲ್ಲದ ಕಿಂಡಿಯಿಂದ ಬೆಂಚಿನ ಮೇಲೆ ಧೂಳು ಉದುರುತ್ತಿತ್ತು.

"ಯಾರು ಅದನ್ನ ತೆಗೆದೋರು? ಮಗೀನ ಕಣ್ಣಿಗೆ ಧೂಳು ಬೀಳ್ತದೆ. ಹಾಕು ಮೊದ್ಲು" ಎಂದ. "ಲೇ, ಆಮೇಲೆ ಕುರ್ಚಿ."

ಮುನಿಯಮ್ಮ ಕೈ ಬಿಟ್ಟಳು. ಗಾಜಿನ ಮೇಲೆ ಅವಳ ಬೆರಳುಗಳ ಗುರುತು ಮೂಡಿತ್ತು. ಅಶ್ವತ್ಥಮ್ಮ ಅದನ್ನು ಸೆರಗಿನಿಂದ ಒರೆಸಿದಳು, ಏಣಿ ಹತ್ತಿ ಮರದ ಪಟ್ಟಿಗಳ ನಡುವೆ ಕೂರಿಸಿದಳು, ಇಳಿದು ಬಂದು ಗೂಟದಿಂದ ಕಂಬಳಿ ತೆಗೆದು ತಲೆಯ ಮೇಲೆ ಎಳೆದುಕೊಂಡಳು.